ನಮ್ಮ ತಾಲ್ಲೂಕಿನ ಮೆಡಿಕಲ್ ಶಾಪ್ ಗೆಳೆಯರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ.

ನಾವು ಚೀಟಿ ಇಲ್ಲದೆ ಮಾರುವ ಮಾತ್ರೆಗಳ ಬಗ್ಗೆ ಒಂದು ಮಾತು. ಇದನ್ನು ನಮ್ಮ ವಾಟ್ಸಾಪ್ ಗ್ರೂಪಿನಲ್ಲೇ ಹಾಕಬಹುದಿತ್ತು. ಹಾಕಿದರೆ ಏನಾಗುತ್ತದೆ ಅಂತ ಗೊತ್ತು. ನಾಲ್ಕು ಜನ ಕೈಮುಗಿದ ಚಿತ್ರ ಹಾಕುತ್ತೀರಿ, ಒಬ್ಬರು ಗುಲಾಬಿ ಹೂವು ಕಳಿಸುತ್ತೀರಿ, ಅಷ್ಟರಲ್ಲಿ ಯಾರೋ ಸ್ಟಾಕಿಸ್ಟ್ ಹತ್ತಕ್ಕೆ ಎರಡು ಫ್ರೀ ಅನ್ನುವ ಸ್ಕೀಮ್ ತಂದು ಹಾಕುತ್ತಾರೆ, ನನ್ನ ಮಾತು ಮೇಲಕ್ಕೆ ಸರಿದು ಹೋಗುತ್ತದೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಗಿರಾಕಿಗಳೂ ಓದಲಿ.

ನಾನು ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ 2003ರಿಂದ ಅಂಗಡಿ ಇಟ್ಟುಕೊಂಡಿದ್ದೇನೆ. ಊರಿನ ಹೆಸರು ಬೇಡ, ನಿಮಗೆ ಗೊತ್ತೇ ಇದೆ. ಕಳೆದ ತಿಂಗಳು ಬಸ್ ಸ್ಟ್ಯಾಂಡ್ ಹತ್ತಿರ ಗಾಂಜಾ ಇಟ್ಟುಕೊಂಡಿದ್ದ ಇಬ್ಬರು ಹುಡುಗರನ್ನು ಪೊಲೀಸರು ಹಿಡಿದರಲ್ಲ, ಆ ದಿನ ಸಂಜೆ ಚಹಾದಂಗಡಿ ಮುಂದೆ ನಾವು ಐದಾರು ಜನ ನಿಂತಿದ್ದೆವು. 'ಹೊರಗಿನವರು ಬಂದು ನಮ್ಮ ಹುಡುಗರನ್ನ ಹಾಳು ಮಾಡ್ತಾರ' ಅಂತ ಒಬ್ಬರು ಅಂದರು. ಎಲ್ಲರೂ ಹೂಂ ಅಂದೆವು. ನಾನೂ ಅಂದೆ. ಅಂದು ಮನೆಗೆ ಬಂದೆ, ಊಟ ಸೇರಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ಇದನ್ನು ನನ್ನ ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

2018ರ ಶುರುವಿನಲ್ಲಿ ಒಬ್ಬ ಗ್ಯಾರೇಜ್ ಹುಡುಗ ನನ್ನ ಅಂಗಡಿಗೆ ಬರತೊಡಗಿದ. ಬೈಕಿನಿಂದ ಬಿದ್ದು ಕಾಲು ಮುರಿದಿತ್ತು, ಒಳಗೆ ರಾಡ್ ಹಾಕಿದ್ದರು. ಅವನ ಹತ್ತಿರ ಡಾಕ್ಟರ ಚೀಟಿ ಇತ್ತು, ಸುಳ್ಳು ಚೀಟಿ ಅಲ್ಲ. ಟ್ರಾಮಡಾಲ್ ಅನ್ನುವ ನೋವಿನ ಮಾತ್ರೆ, ಐದು ದಿನಕ್ಕೆ. ಕೊಟ್ಟೆ. ಐದು ದಿನ ಆದ ಮೇಲೆ ಅದೇ ಚೀಟಿ ಹಿಡಿದು ಮತ್ತೆ ಬಂದ. 'ಕಾಕಾ, ಇನ್ನೂ ನೋವು ಐತಿ' ಅಂದ. ಕಾಲು ನೋಡಿದರೆ ಪಾಪ ಅನಿಸುತ್ತಿತ್ತು, ಕೊಟ್ಟೆ. ಚೀಟಿ ಮಡಚಿ ಮಡಚಿ ಹರಿಯುವ ಹಾಗಾದಾಗ ಅದರ ಜೆರಾಕ್ಸ್ ತಂದ. ಆಮೇಲೆ ಮೊಬೈಲಿನಲ್ಲಿ ಅದರ ಫೋಟೋ ತೋರಿಸಿದ. ಆಮೇಲೆ ಏನೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಕುಂಟುತ್ತ ಬರುತ್ತಿದ್ದವನು ನೆಟ್ಟಗೆ ನಡೆದು ಬರುವ ಹಾಗಾಗಿದ್ದ. ನೋವಿನ ಮಾತ್ರೆ ಮಾತ್ರ ನಿಂತಿರಲಿಲ್ಲ. ಅದು ನನ್ನ ಕಣ್ಣಿಗೆ ಬೀಳಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಟ್ರಾಮಡಾಲನ್ನು ಎನ್‌ಡಿಪಿಎಸ್ ಅಂದರೆ ಮಾದಕ ವಸ್ತು ತಡೆ ಕಾಯ್ದೆಯ ಪಟ್ಟಿಗೆ ಸೇರಿಸಿತು. ನೆನಪಿದೆಯಲ್ಲ, ನಮ್ಮಲ್ಲಿ ಎಷ್ಟೋ ಜನ ಹೆದರಿ ಇದ್ದಬದ್ದ ಸ್ಟಾಕ್ ವಾಪಸ್ ಕಳಿಸಿದೆವು. ನಾನೂ ಕಳಿಸಿದೆ. ದೊಡ್ಡ ಸಾಚಾನ ಹಾಗೆ ಅನಿಸಿತ್ತು. ಆದರೆ ಆ ಹುಡುಗ ಬಂದು ಒದ್ದಾಡಿದಾಗ ಟಪೆಂಟಡಾಲ್ ಕೊಟ್ಟೆ. ಅದು ಇನ್ನೂ ಜೋರಾದ ಮಾತ್ರೆ. ಒಂದು ಸ್ಟ್ರಿಪ್ ಹೋಗಿ ಎರಡಾಯಿತು, ಎರಡು ಹೋಗಿ ನಾಲ್ಕಾಯಿತು. ಅವನು ರೇಟ್ ಕೇಳುತ್ತಿರಲಿಲ್ಲ, ಬಿಲ್ ಕೇಳುತ್ತಿರಲಿಲ್ಲ, ಉದ್ರಿ ಹೇಳುತ್ತಿರಲಿಲ್ಲ. ವ್ಯಾಪಾರಸ್ಥನಿಗೆ ಅಂಥ ಗಿರಾಕಿ ಎಲ್ಲಿ ಸಿಗುತ್ತಾನೆ ಹೇಳಿ. ಅವನ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಆಗಿರುತ್ತಿತ್ತು, ಮಾತಾಡುತ್ತಾ ಮೈ ಕೆರೆದುಕೊಳ್ಳುತ್ತಿದ್ದ. ಮಲಬದ್ಧತೆ ಅಂತ ನನ್ನಲ್ಲೇ ಇಸಬಗೋಲ್ ಕೂಡ ಒಯ್ಯುತ್ತಿದ್ದ. ಅಫೀಮು ಜಾತಿಯ ಔಷಧಿ ತಿಂದವರ ಲಕ್ಷಣ ಇದು ಅಂತ ಡಿ.ಫಾರ್ಮಾದಲ್ಲಿ ಬಾಯಿಪಾಠ ಮಾಡಿ ಪಾಸಾದವನು ನಾನು.

2019ರ ದೀಪಾವಳಿ ಮುಗಿದ ವಾರ ಅವನ ತಾಯಿ ಬಂದಳು. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಯಾರೂ ಇರಲಿಲ್ಲ. ಕೈಯಲ್ಲಿ ಬಟ್ಟೆ ಅಂಗಡಿಯ ಕ್ಯಾರಿ ಬ್ಯಾಗ್. ಅದನ್ನು ಕೌಂಟರ್ ಮೇಲೆ ಸುರಿದಳು. ಎಲ್ಲ ಖಾಲಿ ಸ್ಟ್ರಿಪ್. ಹಾಸಿಗೆ ಕೊಡವುವಾಗ ಗಾದಿಯೊಳಗೆ ಸಿಕ್ಕವಂತೆ.

'ಅಣ್ಣಾರ, ಇವು ಯಾವ ರೋಗದ ಗುಳಗಿ ಸ್ವಲ್ಪ ನೋಡಿ ಹೇಳ್ರಿ. ನಮ್ಮ ಹುಡುಗ ಏನೋ ದೊಡ್ಡ ರೋಗ ಮುಚ್ಚಿಟ್ಟಾನ್ರಿ. ಕೇಳಿದ್ರ ಹೇಳವಲ್ಲ.'

ಆಕೆಗೆ ಓದು ಬರುವುದಿಲ್ಲ. ನನ್ನ ಅಂಗಡಿಯವೇ ಅಂತ ಗೊತ್ತಿದ್ದು ಬಂದವಳಲ್ಲ. ಬಸ್ ಸ್ಟ್ಯಾಂಡಿನಿಂದ ಬರುವಾಗ ಮೊದಲು ಸಿಗುವುದು ನನ್ನ ಅಂಗಡಿ, ಅಷ್ಟೇ.

'ನೋವಿನ ಗುಳಗಿ ಅವ್ವಾ' ಅಂದೆ.

'ಇಷ್ಟೊಂದು ನೋವು ಎಲ್ಲಿ ಐತ್ರಿ ಅವಂಗ?' ಅಂದಳು.

ನಾನು ಏನೋ ತೊದಲಿ ಕಳಿಸಿದೆ. ಆಕೆ ಹೋದ ಮೇಲೆ ಪರ್ಚೇಸ್ ಬಿಲ್ ತೆಗೆದು ಬ್ಯಾಚ್ ನಂಬರ್ ಹೊಂದಿಸಿ ನೋಡಿದೆ. ಮುಕ್ಕಾಲು ಪಾಲು ನನ್ನವೇ. ಉಳಿದ ಕಾಲು ಪಾಲು ಯಾರವು ಅಂತ ಇಲ್ಲಿ ಬರೆಯುವುದಿಲ್ಲ. ಓದುತ್ತಿರುವವರಲ್ಲಿ ಇಬ್ಬರು ಮೂವರಿಗೆ ಗೊತ್ತಾಗುತ್ತದೆ.

ಇದು ನನ್ನೊಬ್ಬನ ಕಥೆ ಆಗಿದ್ದರೆ ದೇವರ ಮುಂದೆ ತಪ್ಪು ಕಾಣಿಕೆ ಹಾಕಿ ಸುಮ್ಮನಿರುತ್ತಿದ್ದೆ. ಆದರೆ ಅದೇ ವರ್ಷ ಫೆಬ್ರವರಿಯಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಒಂದು ದೊಡ್ಡ ಸಮೀಕ್ಷೆಯ ವರದಿ ಹೊರಗೆ ತಂದಿತ್ತು, ದೆಹಲಿಯ ಏಮ್ಸ್ ಡಾಕ್ಟರುಗಳು ಮಾಡಿದ್ದು. ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಆದ ಕೆಲಸ ಅದು. ನಾನು ಅದನ್ನು ನೋಡಿದ್ದು ಬಹಳ ತಡವಾಗಿ. 10ರಿಂದ 75 ವಯಸ್ಸಿನವರ ಲೆಕ್ಕ. ಅದರಲ್ಲಿ ಹೆರಾಯಿನ್ ಬಳಸುವವರು ಶೇ. 1.14. ಅಫೀಮು ಶೇ. 0.52. ಔಷಧಿಯಾಗಿ ತಯಾರಾಗುವ ಅಫೀಮು ಜಾತಿಯ ಮಾತ್ರೆ, ಸಿರಪ್, ಇಂಜೆಕ್ಷನ್ನನ್ನು ನಶೆಗೆ ಬಳಸುವವರು ಶೇ. 0.96. ಅಂದರೆ ಹೆರಾಯಿನ್ನಿಗೂ ನಮ್ಮ ರ‍್ಯಾಕಿನಲ್ಲಿರುವ ಮಾಲಿಗೂ ಹೆಚ್ಚು ದೂರ ಇಲ್ಲ. ನಿದ್ದೆ ಮಾತ್ರೆ ಥರದವನ್ನು ಚೀಟಿ ಇಲ್ಲದೆ ನುಂಗುವವರು ಬೇರೆ, ಅವರೇ ಶೇ. 1.08, ದೇಶದಲ್ಲಿ ಒಂದು ಕೋಟಿಗೂ ಜಾಸ್ತಿ ಜನ. ಹೆರಾಯಿನ್ ಗಡಿ ದಾಟಿ ಬರುತ್ತದೆ ಅನ್ನಬಹುದು. ಇವು ಎಲ್ಲಿಂದ ಬರುತ್ತವೆ? ಫ್ಯಾಕ್ಟರಿಯಿಂದ ಸ್ಟಾಕಿಸ್ಟಿಗೆ, ಸ್ಟಾಕಿಸ್ಟಿನಿಂದ ನಮಗೆ, ಜಿಎಸ್‌ಟಿ ಹಾಕಿಸಿಕೊಂಡು, ಬಿಲ್ ಸಮೇತ.

ಈಗ ರಿಜಿಸ್ಟರ್ ವಿಷಯಕ್ಕೆ ಬರುತ್ತೇನೆ, ನಗಬೇಡಿ.

2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್ ಒನ್ ಅನ್ನುವ ಔಷಧಿ ಪಟ್ಟಿ ಜಾರಿಗೆ ಬಂತು. ಗಿರಾಕಿಗಳಿಗೆ ಗೊತ್ತಿರಲಿ ಅಂತ ಹೇಳುತ್ತಿದ್ದೇನೆ. ಸ್ಟ್ರಿಪ್ ಮೇಲೆ ಕೆಂಪು ಗೆರೆಯ ಚೌಕಟ್ಟಿನೊಳಗೆ ಎಚ್ಚರಿಕೆ ಬರೆದಿದ್ದರೆ ಅದು ಆ ಪಟ್ಟಿಯ ಔಷಧಿ. ಆಲ್ಪ್ರಾಜೋಲಮ್, ಡಯಾಜೆಪಮ್, ನೈಟ್ರಾಜೆಪಮ್ ಥರದ ನಿದ್ದೆ ಮಾತ್ರೆ, ಕೊಡೀನ್, ಟ್ರಾಮಡಾಲ್ ಇವೆಲ್ಲ ಅದರಲ್ಲಿವೆ. ಮಾರುವಾಗ ಬರೆದುಕೊಟ್ಟ ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆವು, ಎಲ್ಲ ಬೇರೆ ಪುಸ್ತಕದಲ್ಲಿ ಬರೆಯಬೇಕು, ಮೂರು ವರ್ಷ ಇಡಬೇಕು. ನಾವು ಏನು ಮಾಡುತ್ತೇವೆ? ಔಷಧ ನಿಯಂತ್ರಣದ ಇನ್‌ಸ್ಪೆಕ್ಟರ್ ಜಿಲ್ಲೆಯಿಂದ ಹೊರಟರು ಅಂತ ಫೋನ್ ಬಂದ ರಾತ್ರಿ ಕೂತು ಆರು ತಿಂಗಳ ಎಂಟ್ರಿ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಬರೆಯುತ್ತೇವೆ. ರಮೇಶ, ಸುರೇಶ, ಮಂಜುನಾಥ, ಮತ್ತೆ ರಮೇಶ. ಊರಿನಲ್ಲಿ ಅಷ್ಟೊಂದು ರಮೇಶರಿಗೆ ನಿದ್ದೆ ಬರುವುದಿಲ್ಲ. ನಾನಂತೂ ಅದನ್ನೂ ಮಾಡಿರಲಿಲ್ಲ. ಮೊದಲ ಹನ್ನೊಂದು ಪುಟ ಹುರುಪಿನಲ್ಲಿ ಬರೆದೆ, ಆಮೇಲೆ ಬಿಳಿ ಹಾಳೆ.

ಇನ್ನು ಫಾರ್ಮಸಿಸ್ಟ್ ಸರ್ಟಿಫಿಕೇಟ್ ಗೋಡೆಗೆ ನೇತು ಹಾಕಿ, ಆ ಫಾರ್ಮಸಿಸ್ಟ್ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಬೇರೆ ಕೆಲಸ ಮಾಡುತ್ತಾ ತಿಂಗಳ ಬಾಡಿಗೆ ತಿನ್ನುವುದು, ಕೌಂಟರಿನಲ್ಲಿ ಎಸ್ಸೆಸ್ಸೆಲ್ಸಿ ಫೇಲಾದ ಹುಡುಗ ಕೂರುವುದು, ಇದರ ಬಗ್ಗೆ ಬರೆಯತೊಡಗಿದರೆ ಇನ್ನೊಂದು ಪತ್ರ ಬೇಕು. ಬಿಡಿ.

ನೀವು ಏನು ಹೇಳುತ್ತೀರಿ ಗೊತ್ತು. 'ನಾನು ಕೊಡದಿದ್ದರೆ ಪಕ್ಕದವನು ಕೊಡುತ್ತಾನೆ.' ನಿಜ. ನಾನೂ ಅದನ್ನೇ ಹೇಳಿಕೊಂಡು ಎರಡು ವರ್ಷ ಮಾರಿದೆ. ಪಕ್ಕದವರು ನನ್ನನ್ನು ತೋರಿಸಿ ಮಾರಿದರು. ಅದಕ್ಕೇ ಈ ಪತ್ರ ಒಬ್ಬರಿಗಲ್ಲ, ನಮ್ಮ ತಾಲ್ಲೂಕಿನ 23 ಅಂಗಡಿಗಳಿಗೆ. ಇನ್ನೊಂದು ಮಾತು ಬರುತ್ತದೆ: 'ಎದುರಿಗೆ ವೈನ್ ಶಾಪ್ ಇದೆ, ಸರ್ಕಾರವೇ ಲೈಸೆನ್ಸ್ ಕೊಟ್ಟಿದೆ, ಅವರಿಗೆ ಯಾಕೆ ಯಾರೂ ಹೇಳಲ್ಲ?' ಇದೂ ಸರಿಯಾದ ಪ್ರಶ್ನೆ. ಅದೇ ಸಮೀಕ್ಷೆಯಲ್ಲಿ ಕುಡಿಯುವವರು ಶೇ. 14.6, ಉಳಿದ ಎಲ್ಲ ನಶೆಗಿಂತ ಎಷ್ಟೋ ಪಟ್ಟು ಜಾಸ್ತಿ. ಕುಡಿತದ ಚಟಕ್ಕೆ ಸಿಕ್ಕವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ ಅಂತ ಅದರಲ್ಲೇ ಇದೆ. ಸರ್ಕಾರವನ್ನು ಕೇಳೋಣ, ಬೇಕಾದರೆ ನಾನೇ ಮುಂದೆ ನಿಲ್ಲುತ್ತೇನೆ. ಆದರೆ ವೈನ್ ಶಾಪಿನವನು ಬಿಳಿ ಕೋಟ್ ಹಾಕಿ ಕೂರುವುದಿಲ್ಲ. ಅಲ್ಲಿಗೆ ಯಾವ ತಾಯಿಯೂ 'ಇದು ಯಾವ ರೋಗದ್ದು' ಅಂತ ಕೇಳಲು ಹೋಗುವುದಿಲ್ಲ.

ಹಾಗಾದರೆ ನಾಳೆಯಿಂದ ಎಲ್ಲ ಬಂದ್ ಮಾಡೋಣ ಅಂದರೆ ಅದೂ ತಪ್ಪು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ನಶೆ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಕೂದಲು ಬಿಟ್ಟ, ಹರಿದ ಜೀನ್ಸಿನ ಹುಡುಗ. ನನ್ನ ಅಂಗಡಿಗೆ ಒಬ್ಬರು ನಿವೃತ್ತ ಮೇಷ್ಟ್ರು ಬರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪೇಪರ್. ಹೆಂಡತಿ ತೀರಿಕೊಂಡಾಗ ನಿದ್ದೆಗೆಂದು ಯಾರೋ ಡಾಕ್ಟರು ಹದಿನೈದು ದಿನಕ್ಕೆ ಆಲ್ಪ್ರಾಜೋಲಮ್ ಬರೆದಿದ್ದರು. ಅದಾಗಿ ಹನ್ನೊಂದು ವರ್ಷ. ಡಾಕ್ಟರು ಊರು ಬಿಟ್ಟು ಹೋಗಿದ್ದಾರೆ, ಮಾತ್ರೆ ಬಿಟ್ಟಿಲ್ಲ. ಅವರನ್ನು ವ್ಯಸನಿ ಅಂದರೆ ಊರು ನಮ್ಮನ್ನೇ ಬೈಯುತ್ತದೆ. ಆದರೆ ಒಂದು ದಿನ ಸ್ಟಾಕ್ ಇಲ್ಲ ಅಂದರೆ ಅವರ ಕೈ ನಡುಗುವುದನ್ನು ನಾನು ನೋಡಿದ್ದೇನೆ. ಇಂಥವರಿಗೆ 'ಚೀಟಿ ಇಲ್ಲ, ಹೋಗಿ' ಅಂದು ಕೈ ತೊಳೆದುಕೊಳ್ಳಲು ಆಗುವುದಿಲ್ಲ. ವರ್ಷಗಟ್ಟಲೆ ತಿಂದ ಆ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರು ನೋಡಿಕೊಂಡು ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಬೇಕು. ಕೊನೆಗೆ ನಾನೇ ಮೇಷ್ಟ್ರ ಜೊತೆ ತಾಲ್ಲೂಕು ಆಸ್ಪತ್ರೆಗೆ ಹೋದೆ. ಮನೋಚೈತನ್ಯ ಅಂತ ಮಂಗಳವಾರ ಮಾನಸಿಕ ತಜ್ಞರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಕಾರ್ಯಕ್ರಮ ಇದೆ, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗೂ ಗೊತ್ತಿರಲಿಲ್ಲ. ಮೇಷ್ಟ್ರು ಈಗ ಅರ್ಧ ಮಾತ್ರೆಗೆ ಬಂದಿದ್ದಾರೆ. ಪೂರ್ತಿ ಬಿಡಲು ಅವರಿಗೆ ಇಷ್ಟ ಇಲ್ಲ, ಅದು ಬೇರೆ ಮಾತು.

ಕುಡಿತವೂ ಹಾಗೇ. 2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಮಾರ್ಚ್ ಕೊನೆಯಿಂದ ಮೇ 4ರವರೆಗೆ ವೈನ್ ಶಾಪ್ ಬಂದ್, ತೆರೆದಿದ್ದದ್ದು ನಾವು. ಬೆವರುತ್ತಾ, ನಡುಗುತ್ತಾ ಎಷ್ಟು ಜನ ಬಂದರು! ಗೋಡೆ ಮೇಲೆ ಇರುವೆ ಹರಿದಾಡುತ್ತಿವೆ ಅಂತ ಒಬ್ಬರು ನನ್ನ ಅಂಗಡಿ ಗೋಡೆ ಒರೆಸುತ್ತಾ ನಿಂತಿದ್ದರು. ಹಳೇ ಕುಡುಕರು ಒಮ್ಮೆಲೇ ಬಿಟ್ಟರೆ ಹೀಗಾಗುತ್ತದೆ, ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ ಅದು. ನಾವು ಏನು ಮಾಡಿದೆವು? ನಿದ್ದೆ ಮಾತ್ರೆ ಕೊಟ್ಟು ಕಳಿಸಿದೆವು. ಆಮೇಲೆ ವೈನ್ ಶಾಪ್ ಬಾಗಿಲು ತೆರೆದಾಗ ಅವರಲ್ಲಿ ಕೆಲವರು ಹೆಂಡ, ಮಾತ್ರೆ ಎರಡನ್ನೂ ಸೇರಿಸಿ ತೆಗೆದುಕೊಳ್ಳತೊಡಗಿದರು. ಎರಡೂ ಸೇರಿದರೆ ಮಲಗಿದಲ್ಲೇ ಉಸಿರು ನಿಧಾನವಾಗಿ ನಿಂತೇ ಹೋಗಬಹುದು. ಬೆಳಿಗ್ಗೆ ಎದ್ದು ನೋಡಿದವರು ಹಾರ್ಟ್ ಅಟ್ಯಾಕ್ ಇರಬೇಕು ಅಂದುಕೊಳ್ಳುತ್ತಾರೆ.

ಸಿರಿಂಜ್ ಬಗ್ಗೆಯೂ ಒಂದು ಮಾತು, ಇದಕ್ಕೆ ನೀವು ಸಿಟ್ಟಾಗುತ್ತೀರಿ. ಕೆಲವು ಹುಡುಗರು ಈ ಮಾತ್ರೆಗಳನ್ನೇ ಚುಚ್ಚಿಕೊಳ್ಳುವ ಮಟ್ಟಕ್ಕೆ ಹೋಗಿದ್ದಾರೆ. ಮಾತ್ರೆಯಲ್ಲಿ ಔಷಧಿಯ ಜೊತೆ ಪುಡಿ, ಅಂಟು ಎಲ್ಲ ಇರುತ್ತದೆ, ಅದು ರಕ್ತಕ್ಕೆ ಹೋಗಬೇಕಾದ್ದಲ್ಲ. ನರ ಕಟ್ಟುತ್ತದೆ, ಕೈ ಕೀವಾಗುತ್ತದೆ, ಶ್ವಾಸಕೋಶ ಕೆಡುತ್ತದೆ. ಒಂದೇ ಸೂಜಿ ಮೂರು ಜನ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ. ನಮ್ಮ ಕೆಲವು ಅಂಗಡಿಗಳು 'ನಾವು ಅಂಥವರಿಗೆ ಸಿರಿಂಜ್ ಕೊಡಲ್ಲ' ಅಂತ ಬೋರ್ಡ್ ಹಾಕುವ ಮಾತಾಡಿದವು. ಮಾತ್ರೆ ಕೊಡುತ್ತೀರಿ, ಸಿರಿಂಜ್ ಕೊಡಲ್ಲ! ನನ್ನ ಪ್ರಕಾರ ಅದು ಪೂರ್ತಿ ಉಲ್ಟಾ. ಮಾತ್ರೆ ಕೊಡಬೇಡಿ, ಹೊಸ ಸಿರಿಂಜ್ ಕೇಳಿದರೆ ಕೊಡಿ. ಏಡ್ಸ್ ನಿಯಂತ್ರಣದವರೇ ಚುಚ್ಚಿಕೊಳ್ಳುವವರಿಗೆ ಶುದ್ಧ ಸೂಜಿ ಹಂಚುವ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ. ಅವರಿಗೆ ತಲೆ ಕೆಟ್ಟಿಲ್ಲ.

ಆ ಗ್ಯಾರೇಜ್ ಹುಡುಗನ ವಿಷಯ ಅರ್ಧಕ್ಕೆ ಬಿಟ್ಟೆ. ಅವನ ತಾಯಿ ಬಂದು ಹೋದ ಮೂರನೇ ದಿನ ಅವನು ಬಂದಾಗ ಇಲ್ಲ ಅಂದೆ. ಬೈದೆ ಕೂಡ, ಎಲ್ಲರ ಮುಂದೆ. ಎರಡು ವರ್ಷ ಮಾರಿದವನು ಒಂದು ದಿನ ಬೈದು ದೊಡ್ಡ ಮನುಷ್ಯನಾದೆ. ಅವನು ಬೇರೆ ಕಡೆ ಹೋದ. ಮನೆಯಲ್ಲಿ ಗೊತ್ತಾಗಿ ಅವನ ಸೋದರಮಾವ ಎಲ್ಲೋ ಒಂದು ಖಾಸಗಿ 'ಬಿಡಿಸುವ ಕೇಂದ್ರ'ಕ್ಕೆ ಹಾಕಿದರು. ಅಲ್ಲಿ ಡಾಕ್ಟರೇ ಇರಲಿಲ್ಲ, ಕಾಲಿಗೆ ಸರಪಳಿ ಇತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಯಾರನ್ನೂ ಸರಪಳಿಯಲ್ಲಿ ಕಟ್ಟುವ ಹಾಗಿಲ್ಲ, ನಶೆಯಿಂದ ಬಂದ ತೊಂದರೆಯೂ ಆ ಕಾಯ್ದೆಯೊಳಗೇ ಬರುತ್ತದೆ. ಯಾರು ಕೇಳಬೇಕು? ಮಾತ್ರೆ ನಿಂತ ಆ ಒಂದು ವಾರ ಮೂಗು, ಕಣ್ಣಲ್ಲಿ ನೀರು, ಭೇದಿ, ಎಲುಬು ಕಿತ್ತಿಟ್ಟ ಹಾಗೆ ನೋವು, ನಿದ್ದೆ ಅನ್ನುವುದು ಇಲ್ಲ. ಹೊರಗೆ ಬಂದು ಹದಿನೈದು ದಿನಕ್ಕೆ ಮತ್ತೆ ಶುರು. ಮಜಾಕ್ಕೆ ಅಲ್ಲ, ಆ ಸಂಕಟ ತಪ್ಪಿಸಿಕೊಳ್ಳಲು.

ಆಮೇಲೆ ನಾನೇ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ, ಮಾರಿದ್ದು ನಾನೇ ಅಂತಲೂ. ಅವನ ತಾಯಿ ಬೈಯಲಿಲ್ಲ. ಸುಮ್ನೆ ನೆಲ ನೋಡುತ್ತಾ ಕೂತಳು. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗೋಣ ಅಂದರೆ 'ಹುಚ್ಚಾಸ್ಪತ್ರಿಗಿ ಬ್ಯಾಡ್ರಿ, ನಾಳೆ ಯಾರು ಹೆಣ್ಣು ಕೊಡ್ತಾರ' ಅಂದಳು. ಪೊಲೀಸ್ ಕೇಸ್ ಆಗುತ್ತದೆ ಅನ್ನುವ ಹೆದರಿಕೆ ಬೇರೆ. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಿಂದ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ನಿನಲ್ಲಿ ರಕ್ಷಣೆ ಇದೆ. ಇದನ್ನು ತಿಳಿಸಿ ಹೇಳಲು ಎರಡು ವಾರ ಹಿಡಿಯಿತು. ಹೋದರು. ಅಲ್ಲಿ ಅವನನ್ನು ಕಟ್ಟಲಿಲ್ಲ, ಬೈಯಲಿಲ್ಲ, ಔಷಧಿ ಕೊಟ್ಟರು. ಎರಡು ಸಲ ಮತ್ತೆ ಜಾರಿದ, ಎರಡು ಸಲವೂ ಮತ್ತೆ ಕರೆದುಕೊಂಡು ಹೋದೆವು. ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ಪೂರ್ತಿ ಬಿಟ್ಟಿದ್ದಾನಾ ಅಂತ ನಾನು ಕೇಳುವುದಿಲ್ಲ. ಹಬ್ಬಕ್ಕೆ ಬಂದಾಗ ನನ್ನ ಅಂಗಡಿ ಮುಂದೆ ಹಾಯುತ್ತಾನೆ, ಒಳಗೆ ಬರುವುದಿಲ್ಲ. ಬರದಿರುವುದೇ ಒಳ್ಳೆಯದು ಅಂತ ಡಾಕ್ಟರೇ ಹೇಳಿದ್ದಾರಂತೆ.

ಈಗ ನನ್ನ ಕೋರಿಕೆ. ಹಳೇ ಚೀಟಿ, ಜೆರಾಕ್ಸ್, ಮೊಬೈಲ್ ಫೋಟೋ ಇವಕ್ಕೆ ಎಚ್ ಒನ್ ಮಾತ್ರೆ, ಟಪೆಂಟಡಾಲ್, ನರದ ನೋವಿಗೆ ಕೊಡುವ ಪ್ರಿಗಾಬಾಲಿನ್ ಯಾವುದನ್ನೂ 23 ಅಂಗಡಿಯಲ್ಲಿ ಯಾರೂ ಕೊಡದಿರೋಣ. ಕೊಟ್ಟಾಗ ಚೀಟಿ ಮೇಲೆ ತಾರೀಖು ಹಾಕಿ ಸೀಲ್ ಒತ್ತೋಣ, ಆಗ ಅದೇ ಚೀಟಿ ಇನ್ನೊಂದು ಅಂಗಡಿಯಲ್ಲಿ ನಡೆಯುವುದಿಲ್ಲ. ಔಷಧ ಕಂಪನಿಯ ಎಂಆರ್ ಟಾರ್ಗೆಟ್ ಅಂತ ಅತ್ತರೆ ಅಳಲಿ. ಇಲ್ಲ ಅಂದು ಕಳಿಸುವಾಗ ಬೈಯಬೇಡಿ, ಒಂದು ನಂಬರ್ ಬರೆದು ಕೊಡಿ. ನಶೆ ಬಿಡಲು 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡೂ ಸರ್ಕಾರದ್ದು, ದುಡ್ಡಿಲ್ಲ. ಕಾಂಡೋಮ್ ಜಾಹೀರಾತು, ಪ್ರೋಟೀನ್ ಪುಡಿ ಜಾಹೀರಾತು ಅಂಟಿಸಲು ಗಾಜಿನ ಮೇಲೆ ಜಾಗ ಇದೆ ಅಂದಮೇಲೆ ಇದಕ್ಕೂ ಇರುತ್ತದೆ.

ಔಷಧ ನಿಯಂತ್ರಣದ ಅಧಿಕಾರಿಗಳು ಇದನ್ನು ಓದಿದರೆ ಅವರಿಗೂ ಒಂದು ಮಾತು. ಪ್ರತಿ ವರ್ಷ ಜೂನ್ 26ಕ್ಕೆ, ಮಾದಕ ವಸ್ತು ವಿರೋಧಿ ದಿನ ಅಂತ ಜಾಥಾ ಆಗುತ್ತದೆ, ಶಾಲಾ ಮಕ್ಕಳು ಬಿಸಿಲಲ್ಲಿ ಘೋಷಣೆ ಕೂಗುತ್ತಾರೆ, ನಾವು ಅವರಿಗೆ ಫ್ರೂಟಿ ಹಂಚುತ್ತೇವೆ. ಆ ದಿನ ನೀವು ಜಾಥಾಕ್ಕೆ ಬರಬೇಡಿ. ಫೋನ್ ಮಾಡದೆ ಅಂಗಡಿಗೆ ಬನ್ನಿ, ರಿಜಿಸ್ಟರನ್ನು ಪರ್ಚೇಸ್ ಬಿಲ್ ಜೊತೆ ಇಟ್ಟು ತಾಳೆ ಹಾಕಿ. ಮೊದಲು ನನ್ನ ಅಂಗಡಿಗೇ ಬನ್ನಿ.

ಮುಂದಿನ ಭಾನುವಾರ ಮಧ್ಯಾಹ್ನ 3ಕ್ಕೆ ಸಂಘದ ಆಫೀಸಿನಲ್ಲಿ ಸೇರೋಣ ಅಂತಿದ್ದೇನೆ. ಎಲ್ಲರೂ ನಿಮ್ಮ ನಿಮ್ಮ ಎಚ್ ಒನ್ ಪುಸ್ತಕ ತನ್ನಿ, ಹೇಗಿದೆಯೋ ಹಾಗೆ. ಹಿಂದಿನ ರಾತ್ರಿ ಕೂತು ತುಂಬಿಸಬೇಡಿ. ನನ್ನದರಲ್ಲಿ ಹನ್ನೊಂದು ಪುಟ ಆದ ಮೇಲೆ 2019ರ ನವೆಂಬರ್‌ವರೆಗೆ ಏನೂ ಇಲ್ಲ. ಆ ಬಿಳಿ ಹಾಳೆಗಳನ್ನು ನಾನು ತುಂಬಿಸಿಲ್ಲ, ಹಾಗೇ ತರುತ್ತೇನೆ.

ನಿಮ್ಮವನೇ,
ಬಸ್ ಸ್ಟ್ಯಾಂಡ್ ರಸ್ತೆಯ ಮೊದಲ ಮೆಡಿಕಲ್ ಶಾಪಿನವನು